ಸಭೆಯ ಕಪಾಟಿನಲ್ಲಿ ನಾಡಿನ ಪುಸ್ತಕ: ಕಾಪಾಡುವ ಹೊಣೆ ಯಾರದು?

2025-26ರ ಕೇಂದ್ರ ಬಜೆಟ್ಟಿನಲ್ಲಿ ‘ಜ್ಞಾನ ಭಾರತಂ’ ಎಂಬ ಯೋಜನೆಗೆ 60 ಕೋಟಿ ರೂಪಾಯಿ ಇಡಲಾಯಿತು. ದೇಶದ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಹುಡುಕಿ, ದಾಖಲಿಸಿ, ಕಾಪಾಡುವುದು ಅದರ ಗುರಿ. ಸರ್ಕಾರಿ ಗ್ರಂಥಾಲಯಗಳ ಜೊತೆ ಖಾಸಗಿ ಸಂಗ್ರಹಗಳೂ ಇದರೊಳಗೆ ಬರುತ್ತವೆ. ಮಠ, ಬಸದಿ, ಹಳೆಯ ಮನೆತನಗಳ ಕಟ್ಟುಗಳ ಮಾತು ಕೂಡಲೇ ಎದ್ದಿತು. ಇದೇ ಪ್ರಶ್ನೆಯನ್ನು ಕ್ರೈಸ್ತ ಸಭೆಗಳ, ಅಂದರೆ ಚರ್ಚ್ ಸಂಘಟನೆಗಳ, ಒಡೆತನದಲ್ಲಿರುವ ಪುಸ್ತಕಗಳ ಬಗ್ಗೆ ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ಪುಸ್ತಕ ಸಭೆಯದು, ಅದರೊಳಗಿನ ಭಾಷೆ ಮತ್ತು ಚರಿತ್ರೆ ನಾಡಿನದು. ಹಾಗಿದ್ದರೆ ಗೆದ್ದಲು ಬಿದ್ದಾಗ ಯಾರ ಕೈಯಿಂದ ಹಣ ಹೋಗಬೇಕು?

ಬಲ್ಮಠದ ಉದಾಹರಣೆ

ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರವನ್ನು ಕನ್ನಡ ಸಂಶೋಧಕರು ‘ಕೆಟಿಸಿ’ ಎಂದೇ ಕರೆಯುತ್ತಾರೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು, 1841ರಲ್ಲಿ ಅಚ್ಚುಕೂಟ ತೆರೆಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ರಾಜ್ಯದಲ್ಲಿ ಪತ್ರಿಕಾ ದಿನ ಆಚರಿಸುವುದು ಅದೇ ತಾರೀಖಿನಂದು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ತಂದವರೂ ಮೋಗ್ಲಿಂಗರೇ. ಸುಮಾರು 70,000 ಪದಗಳ ಕಿಟ್ಟೆಲ್ ನಿಘಂಟು 1894ರಲ್ಲಿ ಈ ಅಚ್ಚುಕೂಟದಿಂದ ಬಂತು. ಬ್ರಿಗೆಲ್ ಅವರ ತುಳು ವ್ಯಾಕರಣ (1872), ಮ್ಯಾನರ್ ಅವರ ತುಳು ನಿಘಂಟು (1886) ಸಹ ಮಿಶನ್ನಿನ ಕೆಲಸವೇ. ಮಿಶನ್ನಿನ ಪ್ರಕಟಣೆಗಳು, ತಾಳೆಗರಿಗಳು, ಹಳೆಯ ಕಾಗದಪತ್ರಗಳು ಈಗ ಈ ಪತ್ರಾಗಾರದ ಪಾಲನೆಯಲ್ಲಿವೆ. ಹುಡುಕುವವರಲ್ಲಿ ವೀರಶೈವ ಸಾಹಿತ್ಯದವರು, ಹರಿದಾಸ ಸಾಹಿತ್ಯದವರು, ತುಳು ಭಾಷಾಶಾಸ್ತ್ರದವರು ಎಲ್ಲರೂ ಸೇರುತ್ತಾರೆ. ದೈವಶಾಸ್ತ್ರದ ವಿದ್ಯಾರ್ಥಿಗಳಿಗಷ್ಟೇ ಬೇಕಾದ ಸಂಗ್ರಹವಾಗಿದ್ದರೆ ಸಾರ್ವಜನಿಕ ಹೊಣೆಯ ಪ್ರಶ್ನೆ ಬಹುಶಃ ಏಳುತ್ತಲೇ ಇರಲಿಲ್ಲ.

ಒಂದು ಮಾತು ಸ್ಪಷ್ಟವಿರಲಿ. ಮುಂದೆ ಹೇಳುವ ಹಾನಿಗಳು ಕರಾವಳಿಯ ಯಾವುದೇ ಪುಸ್ತಕ ಸಂಗ್ರಹಕ್ಕೆ ಬರುವಂಥವು, ಒಂದು ಸಂಸ್ಥೆಯ ಮೇಲಿನ ದೂರಲ್ಲ. ಬಾಸೆಲ್ ಮಿಶನ್ನಿನ ಇಷ್ಟೊಂದು ಕನ್ನಡ ಸಾಮಗ್ರಿ ಇಂದಿಗೂ ಮಂಗಳೂರಿನಲ್ಲೇ ಇರುವುದು ಸಭೆಯವರು ಅದನ್ನು ಕಾಯ್ದುಕೊಂಡದ್ದರಿಂದ.

ಒಡೆಯ, ಪಾಲಕ, ಖರ್ಚು ಹೊರುವವ, ಬಳಸುವವ

‘ಪುಸ್ತಕ ಯಾರದು?’ ಎಂಬ ಒಂದೇ ಪ್ರಶ್ನೆಯಲ್ಲಿ ನಾಲ್ಕು ಪ್ರಶ್ನೆಗಳಿವೆ. ಕೇರಿಯ ಮಧ್ಯೆ ಒಬ್ಬರ ಹಿತ್ತಲಿನಲ್ಲಿರುವ ಬಾವಿಯಿಂದ ಎಲ್ಲರೂ ನೀರು ಸೇದುತ್ತಾರೆ ಎಂದುಕೊಳ್ಳಿ. ಜಾಗದ ಪಹಣಿ ಯಾರ ಹೆಸರಿನಲ್ಲಿದೆ, ಹೂಳು ತೆಗೆಸುವವರು ಯಾರು, ಕೂಲಿ ಕೊಡುವವರು ಯಾರು, ಯಾವ ಹೊತ್ತಿನಲ್ಲಿ ಯಾರು ಸೇದಬಹುದು: ನಾಲ್ಕಕ್ಕೂ ಬೇರೆ ಬೇರೆ ಉತ್ತರ ಇರಬಹುದು. ಗ್ರಂಥಸಂಗ್ರಹದಲ್ಲೂ ಹೀಗೆಯೇ.

ಕಾನೂನಿನ ಪ್ರಕಾರ ಸ್ವತ್ತು ಯಾರ ಹೆಸರಿನಲ್ಲಿದೆ ಎಂಬುದು ಒಡೆತನ. ಕೆಟಿಸಿ ಸೇರಿರುವ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, 1947ರಲ್ಲಿ ರೂಪುಗೊಂಡಿತು. ಅದರ ಆಸ್ತಿಗಳು ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಶನ್ ಹೆಸರಿನಲ್ಲಿರುತ್ತವೆ. ಬೀಗದ ಕೈ ಹಿಡಿದು ದಿನನಿತ್ಯ ನೋಡಿಕೊಳ್ಳುವುದು ಪಾಲನೆ. ಅದು ಕಾಲೇಜಿನ ಗ್ರಂಥಪಾಲಕರಿಗೆ ಬರುತ್ತದೆ. ಹಣದ ಹೊಣೆ ಮೂರನೆಯದು, ಯಾರು ಯಾವ ಷರತ್ತಿನಲ್ಲಿ ನೋಡಬಹುದು ಎಂಬುದು ನಾಲ್ಕನೆಯದು. ‘ಸಾರ್ವಜನಿಕ ಹೊಣೆ’ ಎಂದರೆ ಮೊದಲನೆಯದನ್ನು ಕಿತ್ತುಕೊಳ್ಳಬೇಕಾಗಿಲ್ಲ. ಮೂರನೆಯದರಲ್ಲಿ ಪಾಲು ಹೊತ್ತು, ಅದಕ್ಕೆ ಬದಲಾಗಿ ನಾಲ್ಕನೆಯದರಲ್ಲಿ ಪಾಲು ಕೇಳುವುದು ಸಾಧ್ಯವಿದೆ. ಈ ಭೇದ ಮರೆತ ಕಡೆಗಳಲ್ಲೆಲ್ಲ ಚರ್ಚೆ ‘ಸರ್ಕಾರ ನಮ್ಮ ಆಸ್ತಿಗೆ ಕೈಹಾಕುತ್ತಿದೆ’ ಮತ್ತು ‘ನಮ್ಮ ತೆರಿಗೆ ಹಣ ಚರ್ಚಿಗೇಕೆ’ ಎಂಬ ಎರಡು ಕೂಗುಗಳಲ್ಲಿ ನಿಂತುಬಿಡುತ್ತದೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಸಂವಿಧಾನದ 26ನೇ ವಿಧಿ ಧಾರ್ಮಿಕ ಪಂಗಡಗಳಿಗೆ ಆಸ್ತಿ ಹೊಂದುವ, ಕಾನೂನಿಗೆ ಅನುಸಾರವಾಗಿ ನಡೆಸಿಕೊಂಡು ಹೋಗುವ ಹಕ್ಕು ಕೊಡುತ್ತದೆ. 30ನೇ ವಿಧಿ ಅಲ್ಪಸಂಖ್ಯಾತರ ವಿದ್ಯಾಸಂಸ್ಥೆಗಳನ್ನು ಕಾಯುತ್ತದೆ. ಇನ್ನೊಂದು ಕಡೆ, ಸಂಸತ್ತು ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಿದ ವಸ್ತುಗಳನ್ನು ಕಾಪಾಡುವುದು 49ನೇ ವಿಧಿಯಂತೆ ಸರ್ಕಾರದ ಹೊಣೆ. ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಉಳಿಸುವುದು 51ಎ(ಎಫ್) ವಿಧಿಯಂತೆ ಪ್ರತಿ ನಾಗರಿಕನ ಕರ್ತವ್ಯ.

ನೇರವಾಗಿ ತಾಗುವ ಕಾಯ್ದೆ 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ. ಐತಿಹಾಸಿಕ ಅಥವಾ ಸಾಹಿತ್ಯಕ ಬೆಲೆಯುಳ್ಳ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ, ಉಳಿದ ವಸ್ತುಗಳಿಗೆ 100 ವರ್ಷ ಆಗಿದ್ದರೆ ಅವು ‘ಪುರಾತನ ವಸ್ತು’. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ. 19ನೇ ಕಲಮಿನಡಿ ಕೇಂದ್ರ ಸರ್ಕಾರ ಪರಿಹಾರ ಕೊಟ್ಟು ಕಡ್ಡಾಯವಾಗಿ ವಶಪಡಿಸಿಕೊಳ್ಳಬಹುದು. ಆದರೆ ಪ್ರಾಮಾಣಿಕ ಧಾರ್ಮಿಕ ಆಚರಣೆಗೆ ಬಳಕೆಯಲ್ಲಿರುವ ವಸ್ತುಗಳಿಗೆ ಈ ಅಧಿಕಾರ ತಾಗದು. ಆರಾಧನೆಯ ಬೈಬಲ್ ಇದರ ಆಚೆ ಉಳಿಯುತ್ತದೆ, ಪತ್ರಾಗಾರದ ನಿಘಂಟು ಉಳಿಯುವುದಿಲ್ಲ.

ಕಾಯ್ದೆಯಲ್ಲಿ ಇಲ್ಲದ್ದನ್ನು ಗಮನಿಸಿ. ಕಳ್ಳಸಾಗಣೆಗೆ ಶಿಕ್ಷೆ ಇದೆ, ಹುಳ ತಿನ್ನಲು ಬಿಟ್ಟರೆ ಯಾರೂ ಕೇಳುವುದಿಲ್ಲ. ಒಡೆಯ ಕಾಪಾಡಲೇಬೇಕು ಎಂಬ ಕಡ್ಡಾಯ ಇಲ್ಲ, ಕಾಪಾಡಲು ಸರ್ಕಾರ ಹಣ ಕೊಡಲೇಬೇಕು ಎಂಬ ಕಡ್ಡಾಯವೂ ಇಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಸರ್ಕಾರಿ ಕಡತಗಳಿಗಷ್ಟೇ ಅನ್ವಯ. 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಅದರ ನಂತರ ಅಚ್ಚಾದ ಪುಸ್ತಕಗಳಿಗೆ. ಹತ್ತೊಂಬತ್ತನೇ ಶತಮಾನದ ಮಂಗಳೂರು ಮುದ್ರಣ ಈ ಎರಡರ ಆಚೆಗೆ ಉಳಿಯಿತು.

ತೆರಿಗೆ ಹಣದ ಆಕ್ಷೇಪಕ್ಕೆ ಉತ್ತರ 27ನೇ ವಿಧಿಯಲ್ಲಿದೆ. ಒಂದು ಧರ್ಮದ ಪ್ರಚಾರಕ್ಕೆಂದೇ ಮೀಸಲಿಟ್ಟ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಒತ್ತಾಯಿಸಬಾರದು ಎನ್ನುತ್ತದೆ ಅದು. ಒಟ್ಟು ತೆರಿಗೆಯ ಗಣನೀಯ ಭಾಗ ಒಂದು ಧರ್ಮಕ್ಕೆ ಹೋದರೆ ಮಾತ್ರ ಈ ವಿಧಿಗೆ ಭಂಗ ಎಂದು ಸುಪ್ರೀಂ ಕೋರ್ಟ್ 2011ರ ಪ್ರಫುಲ್ ಗೊರಾಡಿಯಾ ಪ್ರಕರಣದಲ್ಲಿ ಹೇಳಿತು. ಬಸವಪುರಾಣದ ಹಳೆಯ ಮುದ್ರಣಕ್ಕೆ ಕಾಗದ ಕೆಡಿಸದ ಆಮ್ಲರಹಿತ ಪೆಟ್ಟಿಗೆ ಕೊಡಿಸುವುದು ಧರ್ಮಪ್ರಚಾರವಾಗಲು ಕಾರಣ ಕಾಣುವುದಿಲ್ಲ, ಕಪಾಟು ಯಾರದಾದರೂ.

ಕಲ್ಲಚ್ಚಿನ ಪೇಚು

ಜ್ಞಾನ ಭಾರತಂನ ಹಿಂದಿನ ರೂಪವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ 2003ರಿಂದ ಬಳಸಿಕೊಂಡು ಬಂದ ವ್ಯಾಖ್ಯೆಯಂತೆ, ಕನಿಷ್ಠ 75 ವರ್ಷ ಹಳೆಯ ಕೈಬರಹದ ಕೃತಿ ಮಾತ್ರ ಹಸ್ತಪ್ರತಿ. ಅಚ್ಚಿನ ಪುಸ್ತಕ ಅಲ್ಲ, ಕಲ್ಲಚ್ಚಿನದೂ ಅಲ್ಲ.

ಆದರೆ ಕಲ್ಲಚ್ಚು ನಡೆಯುತ್ತಿದ್ದ ಬಗೆಯನ್ನು ನೋಡಿ. ಲಿಪಿಕಾರ ಜಿಡ್ಡಿನ ಮಸಿಯಲ್ಲಿ ಕೈಯಾರೆ ಬರೆಯುತ್ತಿದ್ದ. ಆ ಬರಹವನ್ನು ಸುಣ್ಣಕಲ್ಲಿನ ನುಣುಪು ಮೈಗೆ ಇಳಿಸುತ್ತಿದ್ದರು. ಕಲ್ಲನ್ನು ಒದ್ದೆ ಮಾಡಿದಾಗ ಜಿಡ್ಡಿಲ್ಲದ ಜಾಗ ನೀರು ಹಿಡಿಯುತ್ತದೆ, ಜಿಡ್ಡಿನ ಅಕ್ಷರ ಮಾತ್ರ ಶಾಯಿ ಹಿಡಿಯುತ್ತದೆ. ಅದರ ಮೇಲೆ ಕಾಗದ ಒತ್ತಿದರೆ ಪುಟ ಸಿದ್ಧ. ಪುಟದಲ್ಲಿ ಕಾಣುವುದು 1840ರ ದಶಕದ ಕನ್ನಡ ಲಿಪಿಕಾರನ ಕೈಯೇ. ಆದರೂ ಯೋಜನೆಯ ಕಣ್ಣಿಗೆ ಅದು ಅಚ್ಚು. ಹೀಗಾಗಿ ಒಂದೇ ಕಪಾಟಿನ ತಾಳೆಗರಿಗೆ ಹಣ ಸಿಕ್ಕೀತು, ಪಕ್ಕದ ಕಲ್ಲಚ್ಚಿನ ಪುರಾಣಕ್ಕೆ ಸಿಗದು. ಹೊಸ ಯೋಜನೆಯ ಹಣ ನೆಚ್ಚಿಕೊಂಡು ಅರ್ಜಿ ಹಾಕುವವರು ಮೊದಲು ತಮ್ಮ ಪಟ್ಟಿಯನ್ನು ‘ಕೈಬರಹ’, ‘ಕಲ್ಲಚ್ಚು’, ‘ಮೊಳೆಯಚ್ಚು’ (ಬಿಡಿ ಅಕ್ಷರ ಜೋಡಿಸಿ ಒತ್ತಿದ್ದು) ಎಂದು ವಿಂಗಡಿಸಿಕೊಳ್ಳಬೇಕಾಗುತ್ತದೆ. ಅಚ್ಚಿನ ಪುಸ್ತಕಗಳಿಗೆ ತಟ್ಟಬೇಕಾದ ಬಾಗಿಲು ಬೇರೆ: ದೆಹಲಿಯ ರಾಷ್ಟ್ರೀಯ ಪತ್ರಾಗಾರ ನೋಂದಾಯಿತ ಸಂಸ್ಥೆಗಳಿಗೆ ಕೊಡುವ ಅನುದಾನದಲ್ಲಿ ಹಸ್ತಪ್ರತಿಯ ಜೊತೆ ಅಪರೂಪದ ಪುಸ್ತಕಗಳೂ ಸೇರಿವೆ.

ವಿದೇಶದ ಹಣಕ್ಕೆ ಇನ್ನೊಂದು ಗೇಟು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಇರಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತದ ಖರ್ಚಿಗೆ ಶೇ 20 ಮೀರಿ ಬಳಸುವಂತಿಲ್ಲ. ಹೊರಗಿನ ಅಭಿಮಾನಿಗಳು ಹಣ ಕಳಿಸಲು ಸಿದ್ಧರಿದ್ದರೂ ಅದು ಸುಲಭದ ದಾರಿಯಲ್ಲ.

ಕರಾವಳಿಯಲ್ಲಿ ಕಾಗದ ಕೆಡುವ ಬಗೆ

ಇಲ್ಲಿ ಹೊಸಬರಿಗೆ ವಿಚಿತ್ರವೆನಿಸುವ ಸಂಗತಿ ಒಂದಿದೆ. 1850ರ ಪುಸ್ತಕ 1895ರ ಪುಸ್ತಕಕ್ಕಿಂತ ಗಟ್ಟಿಯಾಗಿರಬಹುದು. ಮೊದಲಿನ ಕಾಗದ ಬಹುಪಾಲು ಹಳೆಯ ಬಟ್ಟೆಯ ನಾರಿನದು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಮರದ ತಿರುಳಿನ ಕಾಗದ ಬಂತು. ಅದರಲ್ಲಿ ಮರದ ಗಟ್ಟಿ ಅಂಶವಾದ ಲಿಗ್ನಿನ್ ಇರುತ್ತದೆ, ಶಾಯಿ ಹರಡದಂತೆ ಸೇರಿಸಿದ ಪಟಿಕ ಮತ್ತು ರಾಳ ಇರುತ್ತವೆ. ಇವು ತೇವದಲ್ಲಿ ಆಮ್ಲ ಬಿಡುತ್ತವೆ. ಆಮ್ಲ ನಾರನ್ನು ತುಂಡರಿಸುತ್ತದೆ, ಹಾಳೆ ಕಂದುಗಟ್ಟಿ ಮಡಿಚಿದರೆ ಮುರಿಯುತ್ತದೆ. ಕೈಬರಹದ ಪತ್ರಗಳಲ್ಲಿ ಕಬ್ಬಿಣದ ಶಾಯಿ ಇದ್ದರೆ ಇನ್ನೂ ಕಷ್ಟ, ಅಕ್ಷರ ಇದ್ದಲ್ಲೇ ತೂತು ಬೀಳುತ್ತದೆ. ಅಂಥ ಹಾಳೆಯನ್ನು ನೀರಿನಲ್ಲಿ ತೊಳೆಯಲು ಹೊರಟರೆ ಹಾನಿ ಪಕ್ಕದ ಜಾಗಕ್ಕೂ ಹರಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ಗಾಳಿಯ ಆರ್ದ್ರತೆ ಶೇ 85 ದಾಟುವುದು ಸಾಮಾನ್ಯ. ಶೇ 65 ಮೀರಿ ಕೆಲವು ದಿನ ನಿಂತರೆ ಬೂಷ್ಟು ಬೆಳೆಯುತ್ತದೆ. ಗ್ರಂಥಾಲಯಕ್ಕೆ ಬೇಕಾದದ್ದು ಶೇ 45ರಿಂದ 55, ಉಷ್ಣಾಂಶ 20ರಿಂದ 25 ಡಿಗ್ರಿ ಸೆಲ್ಸಿಯಸ್. ಇದನ್ನು ಕೇಳಿದ ಕೂಡಲೇ ಎಸಿ ಹಾಕಿಸುವುದು ಎಲ್ಲ ಕಡೆ ನಡೆಯುವ ತಪ್ಪು. ಬೆಳಿಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದಕ್ಕೆ ಆರಿಸಿದರೆ, ತಣ್ಣಗಾದ ಪುಸ್ತಕಗಳ ಮೈಮೇಲೆ ರಾತ್ರಿ ಹೊರಗಿನ ಒದ್ದೆ ಗಾಳಿ ಬಂದು ಹನಿಗಟ್ಟುತ್ತದೆ. ದಿನವೂ ಹೀಗೆ ಹಿಗ್ಗಿ ಕುಗ್ಗಿದ ಕಾಗದ ಬೇಗ ಬಳಲುತ್ತದೆ. ಇಪ್ಪತ್ತನಾಲ್ಕು ಗಂಟೆ ನಡೆಸಲು ವಿದ್ಯುತ್ ಬಿಲ್ ಕಟ್ಟುವ ಶಕ್ತಿ ಇಲ್ಲದಿದ್ದರೆ ಎಸಿ ಬೇಡ. ಮಳೆಗಾಲದ ನಾಲ್ಕು ತಿಂಗಳು ಬಿಡದೆ ನಡೆಯುವ ತೇವ ಹೀರುವ ಯಂತ್ರ, ಬಿಗಿ ಕಿಟಕಿ, ಆರ್ದ್ರತೆ ದಾಖಲಿಸುವ ಒಂದು ಸಣ್ಣ ಉಪಕರಣ ಹೆಚ್ಚು ಉಪಕಾರಿ.

ಕಪಾಟು ನೆಲದಿಂದ 15 ಸೆಂ.ಮೀ. ಮೇಲಿರಬೇಕು, ಗೋಡೆಯಿಂದ 5ರಿಂದ 8 ಸೆಂ.ಮೀ. ಈಚೆಗಿರಬೇಕು. ಒದ್ದೆ ಗೋಡೆಗೆ ಒರಗಿಸಿದ ಮರದ ಬೀರು ಗೆದ್ದಲಿಗೆ ಏಣಿ ಇಟ್ಟಂತೆಯೇ. ಹುಳ ಬಿದ್ದ ಪುಸ್ತಕವನ್ನು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ, ಸಾಮಾನ್ಯ ಫ್ರೀಜರ್ ಮೈನಸ್ 18 ಇದ್ದರೆ ಎರಡು ವಾರ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಪುಸ್ತಕದ ಮೇಲೆ ನೀರು ಕೂರುತ್ತದೆ. ಗಾಜಿನ ಫೋಟೊ ನೆಗೆಟಿವ್‌ಗಳಿಗೆ ಈ ವಿಧಾನ ಬೇಡ. ನುಸಿಗುಳಿಗೆಯನ್ನು ಎಲ್ಲರೂ ನಂಬುತ್ತಾರೆ. ಅದು ಬೂಷ್ಟನ್ನು ತಡೆಯದು, ಓದುವವರ ಉಸಿರಿಗೆ ಹಾನಿ ಮಾತ್ರ ಗ್ಯಾರಂಟಿ. ಮಳೆನೀರು ಬಿದ್ದ ಪುಸ್ತಕಕ್ಕೆ ಇರುವ ಗಡುವು 48 ಗಂಟೆ. ಅಷ್ಟರಲ್ಲಿ ನೆರಳಿನಲ್ಲಿ, ಫ್ಯಾನ್ ಗಾಳಿಯಲ್ಲಿ ಒಣಗಿಸಬೇಕು, ಇಲ್ಲವೇ ಫ್ರೀಜರಿಗೆ ಹಾಕಿ ಸಮಯ ಕೊಳ್ಳಬೇಕು. ಬಿಸಿಲಿಗೆ ಹರಡಿದರೆ ಹಾಳೆ ಸೊಟ್ಟಗಾಗುತ್ತದೆ, ಬಣ್ಣ ಹಾರುತ್ತದೆ.

ಹರಿದ ಹಾಳೆಗೆ ಗೋಧಿ ಪಿಷ್ಟದ ಅಂಟು ಮತ್ತು ಜಪಾನಿ ತೆಳುಕಾಗದ ಸರಿ, ಏಕೆಂದರೆ ನೀರು ತಾಗಿಸಿ ಮತ್ತೆ ಬಿಡಿಸಬಹುದು. ಸೆಲ್ಲೊಟೇಪ್ ಕೆಲವು ವರ್ಷಗಳಲ್ಲಿ ಒಣಗಿ ಉದುರುತ್ತದೆ, ಅದರ ಅಂಟಿನ ಹಳದಿ ಕಲೆ ಉಳಿಯುತ್ತದೆ. ಪ್ಲಾಸ್ಟಿಕ್ ಲ್ಯಾಮಿನೇಶನ್ ಆಮ್ಲವನ್ನು ಒಳಗೇ ಕೂಡಿಹಾಕುತ್ತದೆ. ಈ ಎರಡೂ ‘ಸಂರಕ್ಷಣೆ’ಗಳು ಹುಳಕ್ಕಿಂತ ಹೆಚ್ಚು ಪುಸ್ತಕ ಕೆಡಿಸಿವೆ ಎಂದರೆ ತೀರ ಉತ್ಪ್ರೇಕ್ಷೆಯಲ್ಲ.

ತಾಳೆಗರಿಯ ಆರೈಕೆ ಬೇರೆ. ಮೃದು ಕುಂಚದಿಂದ ಧೂಳು ತೆಗೆದು, ನೀರು ಬೆರೆತ ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಬಳುಕು ಕಳೆದುಕೊಂಡ ಗರಿಗೆ ತೆಳುವಾಗಿ ಸಿಟ್ರೊನೆಲ್ಲಾ ಎಣ್ಣೆ ಸವರುತ್ತಾರೆ. ಕಂಟದಿಂದ, ಅಂದರೆ ಮೊನಚು ಲೋಹದ ಕಡ್ಡಿಯಿಂದ, ಕೊರೆದ ಗರಿಗೆ ಮಾತ್ರ ಇದು. ಮಸಿಯಲ್ಲಿ ಬರೆದ, ಬಣ್ಣದ ಚಿತ್ರವಿರುವ ಗರಿಗೆ ಒದ್ದೆ ಹತ್ತಿ ತಾಗಿಸಲೇಬಾರದು. ದಾರವನ್ನು ಬಿಗಿದು ಕಟ್ಟಿದರೆ ತೂತು ಸೀಳುತ್ತದೆ. ಎರಡು ಹಲಗೆಗಳ ನಡುವೆ ಸಡಿಲವಾಗಿ ಇಟ್ಟು ಬಣ್ಣ ಹಾಕದ ಹತ್ತಿ ಬಟ್ಟೆಯಲ್ಲಿ ಸುತ್ತಬೇಕು. ರೂಢಿಯ ಕೆಂಪು ಬಟ್ಟೆ ಒದ್ದೆಯಾದರೆ ಬಣ್ಣ ಬಿಡುತ್ತದೆ.

ಈ ಕೆಲಸಕ್ಕೆ ಎಷ್ಟು ಕೈ ಬೇಕು? ಒಂದು ಪುಸ್ತಕದ ಧೂಳು ತೆಗೆದು, ಅಳೆದು, ಸ್ಥಿತಿ ಬರೆದಿಡಲು 20 ನಿಮಿಷ ಹಿಡಿದರೂ 1,000 ಪುಸ್ತಕಕ್ಕೆ 333 ಗಂಟೆ. ದಿನಕ್ಕೆ ಆರು ಗಂಟೆಯಂತೆ ಒಬ್ಬರಿಗೆ 56 ಕೆಲಸದ ದಿನ. ರಿಪೇರಿ ಇನ್ನೂ ಶುರುವಾಗಿಲ್ಲ.

ಸ್ಕ್ಯಾನ್ ಮಾಡಿಬಿಟ್ಟರೆ ಸಾಲದೇ?

ಸಾಲದು, ಆದರೂ ಮಾಡಬೇಕು. ಎ4 ಗಾತ್ರದ ಪುಟವನ್ನು ಇಂಚಿಗೆ 400 ಚುಕ್ಕೆಯಂತೆ ಬಣ್ಣದಲ್ಲಿ, ಸಂಕುಚಿಸದ ಟಿಫ್ ರೂಪದಲ್ಲಿ ತೆಗೆದರೆ ಸುಮಾರು 46 ಎಂಬಿ. 300 ಪುಟದ ಪುಸ್ತಕ 14 ಜಿಬಿ, 1,000 ಪುಸ್ತಕ 14 ಟಿಬಿ. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ ಇಡಬೇಕೆಂದರೆ 42 ಟಿಬಿ. ಹಾರ್ಡ್ ಡಿಸ್ಕನ್ನು ಸುಮಾರು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಡಿಜಿಟಲ್ ಪ್ರತಿಯೂ ಪ್ರತಿವರ್ಷ ಹಣ ಕೇಳುತ್ತದೆ. ಯೋಜನೆಯ ಹಣ ಸ್ಕ್ಯಾನ್ ಮುಗಿದ ದಿನ ನಿಂತು, ಡಿಸ್ಕ್ ಮೇಜಿನ ಖಾನೆ ಸೇರುವುದು ಎಷ್ಟೋ ಕಡೆಯ ಕಥೆ.

ಕೃತಿಸ್ವಾಮ್ಯದ ತೊಡಕು ಅಚ್ಚಾದ ಹಳೆಯ ಪುಸ್ತಕಗಳಿಗಿಲ್ಲ. ಲೇಖಕ ತೀರಿಕೊಂಡು 60 ವರ್ಷ ದಾಟಿದರೆ ಯಾರು ಬೇಕಾದರೂ ಮರುಮುದ್ರಿಸಬಹುದು, ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ. ಅಪ್ರಕಟಿತ ಪತ್ರ, ದಿನಚರಿಗಳ ನಿಯಮ ಬೇರೆ. ದೀಕ್ಷಾಸ್ನಾನದ ದಾಖಲೆಗಳಲ್ಲಿ ಕುಟುಂಬಗಳ ಹಿಂದಿನ ಜಾತಿ, ಮತಾಂತರದ ವಿವರಗಳಿರಬಹುದು. ಅವನ್ನು ನೇರವಾಗಿ ಜಾಲಕ್ಕೆ ಏರಿಸಬಾರದು ಎಂಬ ಸಭೆಯ ಹಿಂಜರಿಕೆ ನ್ಯಾಯವಾದದ್ದೇ.

ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ಬಾಸೆಲ್ ಮಿಶನರಿ ಹರ್ಮನ್ ಗುಂಡರ್ಟ್ ಹೆಸರಿನಲ್ಲಿ ತೆರೆದ ಗುಂಡರ್ಟ್ ಪೋರ್ಟಲ್‌ ಎಂಬ ಜಾಲತಾಣದಲ್ಲಿ ಮಲಯಾಳದ ಜೊತೆ ಕನ್ನಡ, ತುಳು ಪುಸ್ತಕಗಳೂ ಉಚಿತವಾಗಿ ಸಿಗುತ್ತವೆ. ಅದರ ಖರ್ಚು ಹೊತ್ತದ್ದು ಜರ್ಮನಿಯ ಸಾರ್ವಜನಿಕ ಸಂಶೋಧನಾ ನಿಧಿ. ಅಂದರೆ ಮಂಗಳೂರಿನಲ್ಲಿ ಅಚ್ಚಾದ ಪುಸ್ತಕಕ್ಕೆ ಅಲ್ಲಿನ ತೆರಿಗೆದಾರ ಹಣ ಕೊಟ್ಟಿದ್ದಾನೆ.

ಬೇರೆ ದೇಶಗಳು ಕಂಡ ದಾರಿ

ಇಂಗ್ಲೆಂಡಿನ ಹೆರೆಫರ್ಡ್ ಕ್ಯಾಥೆಡ್ರಲ್ 1988ರಲ್ಲಿ ತನ್ನ ಹಣದ ಮುಗ್ಗಟ್ಟಿಗೆ 1300ರ ಸುಮಾರಿನ ವಿಶ್ವನಕ್ಷೆಯನ್ನು ಮಾರುವುದಾಗಿ ಹೇಳಿತು. ಒಂದೇ ಕರುವಿನ ಚರ್ಮದ ಮೇಲೆ ಬರೆದ ನಕ್ಷೆ ಅದು. ದೇಶದಲ್ಲಿ ಗದ್ದಲವೆದ್ದಿತು. ಕೊನೆಗೆ ಸಾರ್ವಜನಿಕ ಹಣದ ರಾಷ್ಟ್ರೀಯ ಪರಂಪರೆ ನಿಧಿ 20 ಲಕ್ಷ ಪೌಂಡ್, ದಾನಿ ಜಾನ್ ಪಾಲ್ ಗೆಟ್ಟಿ 10 ಲಕ್ಷ ಪೌಂಡ್ ಕೊಟ್ಟರು. ನಕ್ಷೆ ಒಂದು ಟ್ರಸ್ಟಿನ ಕೈಗೆ ಹೋಯಿತು, ಜಾಗ ಮಾತ್ರ ಬದಲಾಗಲಿಲ್ಲ. ಅದಕ್ಕೂ ಸರಪಳಿ ಕಟ್ಟಿದ ಹಳೆಯ ಗ್ರಂಥಾಲಯಕ್ಕೂ ಹೊಸ ಕಟ್ಟಡ 1996ರಲ್ಲಿ ತೆರೆಯಿತು. ಅದೇ ದೇಶದ ಟ್ರುರೊ ಊರಿನಲ್ಲಿ ಹೀಗಾಗಲಿಲ್ಲ. ಅಲ್ಲಿನ ಬಿಷಪ್ ಫಿಲ್‌ಪಾಟ್ಸ್ ಗ್ರಂಥಾಲಯದ ಹಳೆಯ ಪುಸ್ತಕಗಳು 2006ರಲ್ಲಿ ಸುಮಾರು 36,000 ಪೌಂಡಿಗೆ ಒಬ್ಬ ವ್ಯಾಪಾರಿಯ ಪಾಲಾದವು. ಹರಾಜಿನಲ್ಲಿ ಅವು 5 ಲಕ್ಷ ಪೌಂಡಿನ ಆಸುಪಾಸು ತಂದವು.

ಫ್ರಾನ್ಸ್ 1905ರ ಕಾನೂನಿನಿಂದ ಚರ್ಚು ಮತ್ತು ಸರ್ಕಾರವನ್ನು ಬೇರ್ಪಡಿಸಿ, ಸೆಮಿನರಿಗಳ ಪುಸ್ತಕಗಳನ್ನು ನಗರದ ಗ್ರಂಥಾಲಯಗಳಿಗೆ ಸಾಗಿಸಿತು. ಸರ್ಕಾರದ ಒಡೆತನವೇ ಭದ್ರ ಎಂದುಕೊಳ್ಳುವವರು ನೇಪಲ್ಸ್‌ನ ಜಿರೊಲಮಿನಿ ಗ್ರಂಥಾಲಯದ ಕಡೆ ನೋಡಬೇಕು. ಒಡೆತನ ಇಟಲಿ ಸರ್ಕಾರದ್ದು, ಪಾಲನೆ ಪಾದ್ರಿಗಳ ಸಂಘದ್ದು. 2012ರಲ್ಲಿ ಸಿಕ್ಕಿಬಿದ್ದ ಕಳ್ಳ ಗ್ರಂಥಾಲಯದ ನಿರ್ದೇಶಕನೇ. ಕಾಯುವ ಕೈಯ ಮೇಲೆ ಕಣ್ಣಿಡುವವರಿಲ್ಲದಿದ್ದರೆ ಪಹಣಿಯ ಹೆಸರು ಏನೂ ಮಾಡದು.

ಒಪ್ಪಂದದಲ್ಲಿ ಏನಿರಬೇಕು

ಕರ್ನಾಟಕಕ್ಕೆ ಹೊಂದುವುದು ಹೆರೆಫರ್ಡ್ ಬಗೆಯ ಒಪ್ಪಂದ, ಇನ್ನೂ ಸರಳವಾಗಿ: ಒಡೆತನ ಸಭೆಯದೇ, ಸಾಮಗ್ರಿ ಅಲ್ಲೇ. ಸರ್ಕಾರ ಅಥವಾ ವಿಶ್ವವಿದ್ಯಾಲಯ ಪೆಟ್ಟಿಗೆ, ತೇವ ನಿಯಂತ್ರಣ, ಒಬ್ಬ ತರಬೇತಾದ ಸಂರಕ್ಷಕರ ಸಂಬಳಕ್ಕೆ ಕನಿಷ್ಠ ಹತ್ತು ವರ್ಷ ಹಣ ಕೊಡುತ್ತದೆ. ಒಂದು ವರ್ಷದ ಅನುದಾನದಲ್ಲಿ ಯಂತ್ರ ಬರುತ್ತದೆ, ನಡೆಸುವವರು ಬರುವುದಿಲ್ಲ. ಬದಲಿಗೆ ಸಭೆ ಮೂರು ಮಾತು ಕೊಡುತ್ತದೆ: ಧರ್ಮ, ಊರು ಕೇಳದೆ ನಿಗದಿತ ದಿನಗಳಲ್ಲಿ ಓದುಗರಿಗೆ ಪ್ರವೇಶ, ಪೂರ್ಣ ಸೂಚಿಯ ಒಂದು ಪ್ರತಿ ರಾಜ್ಯ ಪತ್ರಾಗಾರಕ್ಕೆ, ಮಾರುವ ಪ್ರಸಂಗ ಬಂದರೆ ಸ್ವತಂತ್ರ ಮೌಲ್ಯಮಾಪನ ಮಾಡಿಸಿ ಮೊದಲ ಅವಕಾಶ ರಾಜ್ಯದ ಸಾರ್ವಜನಿಕ ಸಂಸ್ಥೆಗೆ. ಒಪ್ಪಂದ ಮುರಿದರೆ ಸ್ಕ್ಯಾನ್ ಪ್ರತಿಗಳು ಯಾರ ಬಳಿ ಉಳಿಯುತ್ತವೆ ಎಂಬುದನ್ನು ಮೊದಲೇ ಬರೆದಿಡಬೇಕು. ಸಾಮಾನ್ಯವಾಗಿ ಜಗಳವಾಗುವುದು ಅಲ್ಲೇ.

ಒಪ್ಪಂದಕ್ಕೆ ವರ್ಷಗಳು ಹಿಡಿದಾವು. ಅಷ್ಟರವರೆಗೆ ಹೆಚ್ಚು ಹಣ ಬೇಡದ ಕೆಲಸ ಒಂದಿದೆ, ಕಪಾಟುವಾರು ಪಟ್ಟಿ. ಕಪಾಟಿನ ಸಂಖ್ಯೆ, ಹೆಸರು, ವರ್ಷ, ಕೈಬರಹವೋ ಕಲ್ಲಚ್ಚೋ ಮೊಳೆಯಚ್ಚೋ, ಪುಟ, ಅಳತೆ, ಹುಳ ಅಥವಾ ಬೂಷ್ಟು ಇದೆಯೇ, ಮುಖಪುಟದ ಒಂದು ಫೋಟೊ. ಕಳುವಾದರೆ ಪೊಲೀಸರು, ಹರಾಜಿನಲ್ಲಿ ಕಂಡರೆ ಪುರಾತತ್ವ ಇಲಾಖೆ, ಅರ್ಜಿ ಹಾಕಿದರೆ ಅನುದಾನ ಕೊಡುವವರು, ಎಲ್ಲರೂ ಮೊದಲು ಕೇಳುವುದು ಈ ಪಟ್ಟಿಯನ್ನೇ. ಇದನ್ನು ಜನವರಿ, ಫೆಬ್ರುವರಿ ತಿಂಗಳಲ್ಲಿ, ಒಣಹವೆ ಇರುವಾಗ ಮಾಡಬೇಕು. ಮಳೆ ಹಿಡಿದ ಮೇಲೆ ಕಪಾಟು ತೆರೆದಷ್ಟೂ ತೇವ ಒಳಗೆ ಬರುತ್ತದೆ.